ಸ್ವಿಚ್ ಎಲ್ಲಿಟ್ಟಿದ್ದಾರೆ ನೋಡಿ

ಕಳೆದ ತಿಂಗಳು ಒಬ್ಬರು ವಾಷಿಂಗ್ ಮಷಿನ್ ಬಗ್ಗೆ ಕೇಳಿದ್ದರು. ಉತ್ತರದ ಕೊನೆಗೆ ಸುಮ್ನೆ ಒಂದು ಮಾತು ಸೇರಿಸಿದ್ದೆ: ರಾತ್ರಿ ರಿಪೇರಿ ಅಂಗಡಿ ಮುಚ್ಚಿದ ಮೇಲೆ ನಾನು ಅನಿಮೆ, ಅಂದ್ರೆ ಜಪಾನಿನ ಕಾರ್ಟೂನ್ ಕಥೆಗಳನ್ನ ನೋಡ್ತೀನಿ, ಅದರಲ್ಲೂ ಆಂಡ್ರಾಯ್ಡ್ ಕಥೆಗಳು ಅಂದ್ರೆ ಇಷ್ಟ, ಅಂತ. ಫೋನಿನ ಆಂಡ್ರಾಯ್ಡ್ ಅಲ್ಲ, ಮನುಷ್ಯರಂತೇ ಕಾಣುವ ರೋಬೋ. ಈ ಸಲ ಮಿಕ್ಸರ್, ಗೀಸರ್ ಪ್ರಶ್ನೆಗಳಿಗಿಂತ ಆ ಒಂದು ಮಾತಿಗೇ ಪತ್ರ ಜಾಸ್ತಿ. ಸಂಪಾದಕರು ನಕ್ಕರು. "ಇದಕ್ಕೇ ಉತ್ತರ ಬರೀರಿ. ಗೀಸರ್ ಹೆಂಗೂ ಕಲಬುರಗಿ ಬಿಸಿಲಾಗ ಯಾರಿಗೂ ಬ್ಯಾಡ" ಅಂದರು.

ಪ್ರಶ್ನೆ: ಅಕ್ಕಾ, ಅನಿಮೆಯಲ್ಲಿ ಆಂಡ್ರಾಯ್ಡ್ ಅಂದ್ರೆ ಯಾಕೆ ಯಾವಾಗಲೂ ಚಂದದ ಹುಡುಗಿ? ಏಪ್ರನ್ ಹಾಕಿರ್ತಾಳೆ, ಅಡುಗೆ ಮಾಡ್ತಾಳೆ, "ಯಜಮಾನರೇ" ಅಂತಾಳೆ. ಹುಡುಗರಿಗೇನು ಬರ ಬಂದಿದೆಯಾ?
*ಪಿಯುಸಿ ವಿದ್ಯಾರ್ಥಿನಿ, ಶಹಾಪುರ*

ಉತ್ತರ: ಬರ ಇಲ್ಲ ತಂಗಿ. ಟಿವಿಗೆ ಮೊದಲು ಬಂದವನೇ ಹುಡುಗ. ಒಸಾಮು ತೆಜುಕಾ 1952ರಲ್ಲಿ ಆಸ್ಟ್ರೋ ಬಾಯ್ ಅನ್ನೋ ಕಾಮಿಕ್ಸ್ ಬರೆಯೋಕೆ ಶುರು ಮಾಡಿದರು, 1963ರಲ್ಲಿ ಅದು ಅನಿಮೆ ಆಯಿತು. ಅದರಲ್ಲಿ ಒಬ್ಬ ವಿಜ್ಞಾನಿಯ ಮಗ ಅಪಘಾತದಲ್ಲಿ ಸಾಯುತ್ತಾನೆ. ಅಪ್ಪ ಮಗನಂತೇ ಒಂದು ರೋಬೋ ಮಾಡುತ್ತಾನೆ. ರೋಬೋ ಬೆಳೆಯೋದಿಲ್ಲ ಅಂತ ತಿಳಿದ ಮೇಲೆ ಸರ್ಕಸ್ಸಿಗೆ ಮಾರಿಬಿಡುತ್ತಾನೆ. ಮುಂದೆ ಆ ಹುಡುಗನಿಗೆ ಮನೆಯವರು ಇರಲಿ ಅಂತ ಉರಾನ್ ಅನ್ನೋ ತಂಗಿಯನ್ನೂ ಮಾಡುತ್ತಾರೆ.

ಇಲ್ಲೇ ಇದೆ ನೋಡು ನಿನ್ನ ಉತ್ತರ. ಗಂಡು ರೋಬೋ ಹೆಚ್ಚಾಗಿ ಮಗನ ಜಾಗಕ್ಕೆ ಬರುತ್ತಾನೆ, ಇಲ್ಲಾ ಲೋಕ ಕಾಯೋಕೆ ಬರುತ್ತಾನೆ. ಹೆಣ್ಣು ರೋಬೋ ಬರೋದು ಇನ್ನೊಬ್ಬರಿಗೋಸ್ಕರ. ಅಣ್ಣನಿಗೆ ತಂಗಿ, ಒಂಟಿ ಹುಡುಗನಿಗೆ ಜೊತೆ, ಮನೆಗೆ ಕೆಲಸದಾಕೆ. ಜಪಾನಿ ಭಾಷೆಯಲ್ಲಿ ಇಂಥ ರೋಬೋಗಳಿಗೆ 'ಜಿಂಜೋ ನಿಂಗೆನ್' ಅನ್ನೋ ಹಳೆಯ ಮಾತಿದೆ. ಮನುಷ್ಯರೇ ಮಾಡಿದ ಮನುಷ್ಯ ಅಂತ ಅರ್ಥ. ಆ ಮಾತಿನಲ್ಲಿ ಗಂಡೂ ಇಲ್ಲ, ಹೆಣ್ಣೂ ಇಲ್ಲ. ಏಪ್ರನ್ ಕಟ್ಟಿದ್ದು ಚಿತ್ರ ಬರೆದವರು.

ಪ್ರಶ್ನೆ: ನಮ್ಮ ಯಜಮಾನರು ರಾತ್ರಿ ಊಟ ಆದ ಮೇಲೆ ಫೋನಿನಲ್ಲಿ ಎಐ ಜೊತೆ ಮಾತಾಡ್ತಾ ಕೂರ್ತಾರೆ. ಅದಕ್ಕೆ ಹೆಣ್ಣಿನ ದನಿ ಇಟ್ಕೊಂಡಿದ್ದಾರೆ. ಕೇಳಿದರೆ "ಅದೊಂದು ಯಂತ್ರ, ಅದರ ಮೇಲೂ ನಿನಗೆ ಹೊಟ್ಟೆಕಿಚ್ಚಾ?" ಅಂತ ನಗ್ತಾರೆ. ಇದು ಹೊಟ್ಟೆಕಿಚ್ಚೋ ಬೇರೆ ಏನೋ, ನನಗೇ ತಿಳೀತಿಲ್ಲ. ನೀವು ನೋಡೋ ಕಥೆಗಳಲ್ಲಿ ಇಂಥದ್ದು ಇದೆಯಾ?
*ಹೆಸರು ಬೇಡ, ಬೀದರ್*

ಉತ್ತರ: ಇದೆ. ಚೋಬಿಟ್ಸ್ ಅಂತ. ಮೊದಲು ಕಾಮಿಕ್ಸ್ ಆಗಿ ಬಂತು, 2002ರಲ್ಲಿ 26 ಕಂತುಗಳ ಅನಿಮೆ ಆಯಿತು. ಬರೆದದ್ದು ಕ್ಲ್ಯಾಂಪ್ ಅನ್ನೋ ತಂಡ. ನಾಲ್ವರೂ ಹೆಂಗಸರು. ಇದನ್ನು ನೆನಪಿಟ್ಟುಕೊಳ್ಳಿ, ಬೇಕಾಗುತ್ತೆ.

ಆ ಲೋಕದಲ್ಲಿ ಕಂಪ್ಯೂಟರ್ ಅಂದ್ರೆ ಮನುಷ್ಯರ ಆಕಾರದ್ದು. ಪರ್ಸೊಕಾಮ್ ಅಂತಾರೆ. ಪ್ರವೇಶ ಪರೀಕ್ಷೆ ಫೇಲಾಗಿ ಪಟ್ಟಣಕ್ಕೆ ಕೋಚಿಂಗಿಗೆ ಬಂದ ಹಿದೆಕಿ ಅನ್ನೋ ಹಳ್ಳಿ ಹುಡುಗನಿಗೆ ಕಸದ ಚೀಲಗಳ ನಡುವೆ ಬಿಸಾಕಿದ್ದ ಒಂದು ಪರ್ಸೊಕಾಮ್ ಸಿಗುತ್ತೆ. ಅದಕ್ಕೆ "ಚೀ" ಅನ್ನೋದು ಬಿಟ್ಟು ಬೇರೆ ಮಾತು ಬರಲ್ಲ. ಅವನು ಅದನ್ನೇ ಹೆಸರಿಟ್ಟು ಒಂದೊಂದೇ ಮಾತು ಕಲಿಸುತ್ತಾನೆ. (ನಮ್ಮ ಕಡೆ ಯಾರನ್ನಾದರೂ "ಚೀ" ಅಂತ ಕರೆದರೆ ಜಗಳವೇ ಆಗುತ್ತೆ, ಇರಲಿ.)

ನಿಮಗೆ ಹೇಳಬೇಕಾದದ್ದು ಈ ಜೋಡಿಯ ಕಥೆ ಅಲ್ಲ. ಹಿದೆಕಿಗೆ ಪಾಠ ಹೇಳೋ ಒಬ್ಬ ಟೀಚರ್ ಇದ್ದಾಳೆ. ಮದುವೆಯಾದವಳು. ಮನೆಗೆ ಪರ್ಸೊಕಾಮ್ ತಂದ ಮೇಲೆ ಗಂಡ ಅದರ ಜೊತೆಗೇ ಮಾತು, ಅದರ ಕಡೆಗೇ ನೋಟ. ಒಂದು ರಾತ್ರಿ ಇವಳು ಮನೆಗೆ ಬಂದರೆ ಒಳಗಿಂದ ಬಾಗಿಲು ಹಾಕಿದೆ. ಸಿಟ್ಟಿಗೆ ಹಾಕಿದ್ದಲ್ಲ. ಹೆಂಡತಿ ಇನ್ನೂ ಬಂದಿಲ್ಲ ಅನ್ನೋದೇ ಗಂಡನಿಗೆ ನೆನಪಾಗಿಲ್ಲ. ಇಡೀ ಕಥೆಯಲ್ಲಿ ನನ್ನನ್ನು ನಿದ್ದೆಗೆಡಿಸಿದ್ದು ಆ ಬಾಗಿಲು. ಹೊಡೆಯೋ ಗಂಡ, ಬೈಯೋ ಗಂಡನನ್ನು ನಾವು ಕಂಡಿದ್ದೇವೆ. ಮರೆತೇಬಿಟ್ಟವನಿಗೆ ಏನಂತ ಬೈಯೋದು?

ನಿಮ್ಮದು ಹೊಟ್ಟೆಕಿಚ್ಚಲ್ಲ ತಾಯಿ. ನೀವು ಬಾಗಿಲ ಹೊರಗೆ ನಿಂತಿದ್ದೀರಿ, ಅಷ್ಟೇ. ಯಂತ್ರ ಬೇಜಾರು ಮಾಡ್ಕೊಳಲ್ಲ. "ಇವತ್ತು ತಲೆನೋವು, ಚಾ ನೀವೇ ಇಟ್ಕೊಳ್ರಿ" ಅನ್ನಲ್ಲ. ಅವರ ಅದೇ ಹಳೇ ಆಫೀಸಿನ ಪುರಾಣಕ್ಕೆ ಹತ್ತನೇ ಸಲವೂ "ಹೌದಾ, ಆಮೇಲೆ?" ಅನ್ನುತ್ತೆ. ಅಂಥದ್ದರ ಜೊತೆ ಪೈಪೋಟಿಗೆ ಬೀಳಬೇಡಿ. ನಿಮಗೆ ಗೆಲ್ಲೋಕೆ ಆಗಲ್ಲ, ಗೆಲ್ಲಬೇಕಾಗಿಯೂ ಇಲ್ಲ. ಒಂದು ದಿನ ಬೈಯದೆ ಎದುರಿಗೆ ಕೂತು, "ಅದರ ಹತ್ತಿರ ಏನು ಮಾತಾಡ್ತೀರಿ, ಅದನ್ನೇ ನನಗೂ ಹೇಳ್ರಿ" ಅನ್ನಿ. ಫೋನು ಮನೆಯಲ್ಲಿ ಬಿಟ್ಟು ಸಂಜೆ ಕೋಟೆ ಕಡೆ ನಡೆದು ಬನ್ನಿ. ಇಷ್ಟಾದರೂ ಅವರಿಗೆ ಬಾಗಿಲು ನೆನಪಾಗದಿದ್ದರೆ ಇನ್ನೊಂದು ಪತ್ರ ಬರೀರಿ. ಅದನ್ನು ಅಚ್ಚು ಹಾಕಲ್ಲ, ನಿಮಗೇ ಉತ್ತರ ಕಳಿಸ್ತೀನಿ.

ಈ ಕಥೆಯ ಸ್ವಿಚ್ ವಿಚಾರ ಹೇಳದಿದ್ದರೆ ರಿಪೇರಿಯವಳಾಗಿ ನನಗೆ ಸಮಾಧಾನ ಇಲ್ಲ. ಚೀ ಸಿಕ್ಕಾಗ ಅವಳನ್ನು ಚಾಲೂ ಮಾಡೋ ಸ್ವಿಚ್ ಎಲ್ಲಿದೆ ಅಂತ ಹುಡುಗನಿಗೆ ತಿಳಿಯಲ್ಲ. ಕಿವಿ, ಕತ್ತು ಎಲ್ಲಾ ಹುಡುಕುತ್ತಾನೆ. ಕೊನೆಗೆ ಸಿಗೋದು ತೊಡೆಸಂದಿಯಲ್ಲಿ. ಮೊದಲ ಸಲ ನೋಡಿದಾಗ ಥೂ ಅಂತ ಮೊಬೈಲ್ ಮಗುಚಿಟ್ಟೆ. ಆಮೇಲೆ ಕುತೂಹಲಕ್ಕೆ ಮತ್ತೆ ತೆಗೆದೆ. ಮುಂದೆ ಗೊತ್ತಾಗುತ್ತೆ: ಆ ಸ್ವಿಚ್ ಇನ್ನೊಮ್ಮೆ ಒತ್ತಿದರೆ ಅವಳ ನೆನಪೆಲ್ಲಾ ಅಳಿಸಿಹೋಗುತ್ತೆ. ಅಂದ್ರೆ ಅವಳು ಅವಳಾಗಿಯೇ ಉಳಿಯಬೇಕಾದರೆ, ಅವನು ಅಲ್ಲಿ ಕೈ ಹಾಕುವಂತಿಲ್ಲ. ಹಾಕಲ್ಲ ಅಂತ ಅವನು ಒಪ್ಪಿಕೊಂಡ ಮೇಲೇ ಪ್ರೀತಿ. ನಾಲ್ಕು ಹೆಂಗಸರು ಪೋಲಿ ಜೋಕಿನಿಂದ ಶುರುಮಾಡಿ ಅದನ್ನೇ ಬೀಗ ಮಾಡಿಬಿಟ್ಟಿದ್ದಾರೆ. ಜಾಣತನ ಇದೆ. ಆದರೂ ಬೀಗದ ಕೈ ಅವನ ಹತ್ತಿರವೇ ಉಳಿಯಿತಲ್ಲ ಅನ್ನೋದು ನನ್ನ ತಕರಾರು.

ಇದಕ್ಕಿಂತ ನನಗೆ ಡ್ರ್ಯಾಗನ್ ಬಾಲ್ ಅನ್ನೋ ಅನಿಮೆಯ ಕ್ರಿಲಿನ್ ಇಷ್ಟ. ನಂಬರ್ 18 ಅನ್ನೋ ಆಂಡ್ರಾಯ್ಡನ್ನು ನಿಲ್ಲಿಸೋ ರಿಮೋಟ್ ಅವನ ಕೈಗೆ ಕೊಟ್ಟಿರುತ್ತಾರೆ. ಅವಳು ಹುಟ್ಟಾ ಮನುಷ್ಯಳೇ, ಒಬ್ಬ ಡಾಕ್ಟರ್ ಹಿಡಿದು ಹಾಗೆ ಮಾಡಿದ್ದು. ಗುಂಡಿ ಒತ್ತೋ ಬದಲು ಕ್ರಿಲಿನ್ ಆ ರಿಮೋಟನ್ನು ನೆಲಕ್ಕೆ ಹಾಕಿ ತುಳಿದು ಪುಡಿ ಮಾಡುತ್ತಾನೆ. ಆಮೇಲೆ ಅವರ ಮದುವೆ ಆಗುತ್ತೆ, ಮಗಳೂ ಹುಟ್ಟುತ್ತಾಳೆ. ಗಂಡ ಕುಳ್ಳ, ಹೆಂಡತಿಗೆ ಶಕ್ತಿ ಜಾಸ್ತಿ. ಅದರ ಬಗ್ಗೆ ಅವನಿಗೆ ಚೂರೂ ಬೇಜಾರಿಲ್ಲ.

ಪ್ರಶ್ನೆ: "ಮೊಲೆ ಮುಡಿ ಬಂದಡೆ ಹೆಣ್ಣೆಂಬರು, ಗಡ್ಡ ಮೀಸೆ ಬಂದಡೆ ಗಂಡೆಂಬರು" ಎಂದು ಶುರುಮಾಡಿ, ನಡುವೆ ಸುಳಿವ ಆತ್ಮ ಹೆಣ್ಣೂ ಅಲ್ಲ ಗಂಡೂ ಅಲ್ಲ ಎಂದವರು ನಮ್ಮ ಮುದನೂರಿನ ದಾಸಿಮಯ್ಯ. ಇದನ್ನು ಬಿಟ್ಟು ಜಪಾನಿನವರು ಹೊಸದೇನು ಹೇಳಿದ್ದಾರೆ?
*ನಿವೃತ್ತ ಶಿಕ್ಷಕ, ಸುರಪುರ*

ಉತ್ತರ: ಗುರುಗಳೇ, ನಿಮ್ಮ ಪತ್ರ ಎರಡು ಸಲ ಓದಿದೆ. ದಾಸಿಮಯ್ಯನವರು ಹುಟ್ಟಿ ಬಂದ ಮೈ ಬಗ್ಗೆ ಹೇಳಿದರು. ಆಂಡ್ರಾಯ್ಡ್ ಕಥೆಯಲ್ಲಿ ಮೈಯನ್ನು ಆರ್ಡರ್ ಕೊಟ್ಟು ಮಾಡಿಸ್ತಾರೆ. ಆತ್ಮ ಸುಳಿಯೋ ಮೊದಲೇ ಮೊಲೆ ಮುಡಿಯ ಅಳತೆ ಬರೆದಾಗಿರುತ್ತೆ. ಬರೆದವರು ಯಾರು, ದುಡ್ಡು ಕೊಟ್ಟವರು ಯಾರು ಅನ್ನೋ ಪ್ರಶ್ನೆ ಆಗ ಬರುತ್ತೆ.

1995ರಲ್ಲಿ ಮಮೊರು ಒಶಿ ನಿರ್ದೇಶಿಸಿದ ಗೋಸ್ಟ್ ಇನ್ ದ ಶೆಲ್ ನಿಮಗೆ ಹಿಡಿಸಬಹುದು. ಅದರ ಮೇಜರ್ ಕುಸನಾಗಿ ಪೂರ್ತಿ ಆಂಡ್ರಾಯ್ಡ್ ಅಲ್ಲ. ಮಿದುಳು ಅವಳದ್ದು, ಮಿಕ್ಕ ಮೈಯೆಲ್ಲಾ ಕಾರ್ಖಾನೆಯದ್ದು. ಒಳಗೆ ಸುಳಿಯೋದನ್ನು ಅವರು 'ಗೋಸ್ಟ್' ಅಂತಾರೆ. ಇಲ್ಲಿಯವರೆಗೆ ನಿಮ್ಮ ದಾಸಿಮಯ್ಯನವರ ದಾರಿಯೇ. ಆದರೆ ಒಂದು ಮಾತು ಬರುತ್ತೆ: ಕೆಲಸ ಬಿಟ್ಟರೆ ಈ ಮೈಯನ್ನು ಸರ್ಕಾರಕ್ಕೆ ವಾಪಸ್ ಕೊಡಬೇಕು. ಅದನ್ನು ಕೇಳಿದಾಗ ನನಗೆ ನಮ್ಮ ಓಣಿಯ ಒಬ್ಬಳು ಸೊಸೆ ನೆನಪಾದಳು. ಜಗಳ ಆಡಿ ತವರಿಗೆ ಹೊರಟು ನಿಂತಾಗ ಅತ್ತೆ ಬಾಗಿಲಲ್ಲಿ ಅಡ್ಡ ನಿಂತು, "ಹೋಗೋದಾದ್ರ ಮೈಮ್ಯಾಲಿನ ಬಂಗಾರ ಬಿಚ್ಚಿಟ್ಟು ಹೋಗು" ಅಂದಿದ್ದಳು. ಇವಳು ಅಲ್ಲೇ ನಿಂತು ಬಳೆ ತೆಗೆಯೋಕೆ ಶುರುಮಾಡಿದಳು. ಎಡಗೈದು ಬಂತು. ಬಲಗೈದು ಬಿಗಿಯಾಗಿತ್ತು, ಬರಲಿಲ್ಲ. ಸಾಬೂನು ತರೋಕೆ ಒಳಗೆ ಹೋದಳು. ಹೊರಡೋದು ಅವತ್ತಿಗೆ ಅಲ್ಲಿಗೇ ನಿಂತಿತು.

ಅದೇ ನಿರ್ದೇಶಕರ 2004ರ ಇನ್ನೊಂದು ಸಿನಿಮಾ ಇನ್ನೋಸೆನ್ಸ್. ಗಂಡಸರ ಸುಖಕ್ಕೆ ಅಂತ ಮಾಡಿದ ಹೆಣ್ಣು ಬೊಂಬೆಗಳು ಮಾಲೀಕರನ್ನೇ ಕೊಲ್ಲುತ್ತವೆ. ಎಲ್ಲರೂ ಬೊಂಬೆ ಕೆಟ್ಟಿದೆ ಅಂದುಕೊಳ್ಳುತ್ತಾರೆ. ನಿಜ ಏನು ಅಂದ್ರೆ, ಕಂಪನಿಯವರು ಕದ್ದು ತಂದ ಹುಡುಗಿಯರ ಗೋಸ್ಟನ್ನು ನಕಲು ಮಾಡಿ ಅವುಗಳೊಳಗೆ ತುಂಬಿದ್ದಾರೆ. ಆ ಹುಡುಗಿಯರ ಕಡೆ ಯಾರಾದರೂ ತಿರುಗಿ ನೋಡಲಿ ಅಂತ ಕಂಪನಿಯ ಒಳಗಿನವನೇ ಒಬ್ಬ ಆ ಬೊಂಬೆಗಳನ್ನು ಬೇಕಂತಲೇ ಕೆಡಿಸಿದ್ದ.

ಈ ಸಿನಿಮಾ ನೋಡಿದ ಮಾರನೇ ದಿನ ಒಬ್ಬರು ಕಾಕಾ ಮಿಕ್ಸರ್ ತಂದರು. "ಸತ್ತೇ ಹೋಗ್ಯಾದ ನೋಡವಾ" ಅಂದರು. ಅವರ ಮನೆಯಲ್ಲಿ ಮದುವೆ. ಬೆಳಗಿನಿಂದ ಬಿಡದೆ ಶೇಂಗಾ ಹಿಂಡಿ ಕುಟ್ಟಿಸಿದ್ದಾರೆ. ಮಗುಚಿ ಹಾಕಿದೆ. ತಳದಲ್ಲಿ ಹಿಂಡಿ ಮೆತ್ತಿತ್ತು. ಕೆರೆದರೆ ಕೆಳಗೆ ಕೆಂಪು ಗುಂಡಿ. ಹೆಚ್ಚಿನ ಮಿಕ್ಸರ್‌ಗಳಿಗೆ ಅದು ಇರುತ್ತೆ. ಭಾರ ಮೀರಿದರೆ ಮೋಟಾರು ಸುಟ್ಟು ಹೋಗೋ ಮೊದಲು ಅದೇ ಟಪ್ಪಂತ ಬಿಟ್ಟುಕೊಂಡು ಕರೆಂಟ್ ನಿಲ್ಲಿಸುತ್ತೆ. ಸ್ವಲ್ಪ ಆರಲು ಬಿಟ್ಟು ಗುಂಡಿ ಒತ್ತಿದೆ, ಶುರುವಾಯಿತು. "ಕೆಟ್ಟಿಲ್ಲ ಕಾಕಾ, ಸಾಕು ಅಂದದ ಅಷ್ಟೇ" ಅಂದೆ. ದುಡ್ಡು ತಗೊಳ್ಳಲಿಲ್ಲ. ಸಾಕು ಅನ್ನೋಕೆ ಎಂಟುನೂರು ವಾಟಿನ ಮಿಕ್ಸರಿಗೂ ಒಂದು ಗುಂಡಿ ಇಟ್ಟಿದ್ದಾರೆ. ಅನಿಮೆಯ ಹೆಣ್ಣು ರೋಬೋಗಳಲ್ಲಿ ಆ ಗುಂಡಿ ಇದೆಯಾ ಅಂತ ನಾನೀಗ ಮೊದಲು ನೋಡ್ತೀನಿ. ಬಹಳ ಸಲ ಇರಲ್ಲ.

ಪ್ರಶ್ನೆ: ನಮ್ಮ ಅವ್ವನ ಜೊತೆ ಕೂತು ನೋಡುವಂಥ ಆಂಡ್ರಾಯ್ಡ್ ಅನಿಮೆ ಹೇಳಿ. ಒಂದೇ ರೂಮಿನ ಮನೆ.
*ಡಿಪ್ಲೊಮಾ ವಿದ್ಯಾರ್ಥಿ, ಕಲಬುರಗಿ*

ಉತ್ತರ: ಚೋಬಿಟ್ಸ್ ಬೇಡವೇ ಬೇಡ. ಟೈಮ್ ಆಫ್ ಈವ್ ನೋಡು. ಯಾಸುಹಿರೊ ಯೊಶಿಉರಾ ನಿರ್ದೇಶನ, ಮೊದಲು ಆರು ಸಣ್ಣ ಕಂತು, 2010ರಲ್ಲಿ ಸಿನಿಮಾ. ಅಲ್ಲಿ ರೋಬೋಗಳ ತಲೆ ಮೇಲೆ ಬೆಳಕಿನ ಉಂಗುರ ಇರುತ್ತೆ. ಒಂದು ಕಾಫಿ ಅಂಗಡಿಯಲ್ಲಿ ಮಾತ್ರ, ಒಳಗೆ ಬಂದವರು ಮನುಷ್ಯರು ರೋಬೋ ಅಂತ ಭೇದ ಮಾಡಬಾರದು ಅನ್ನೋ ನಿಯಮ. ಅಲ್ಲಿ ಉಂಗುರ ಕಾಣಲ್ಲ. ರಿಕುಒ ಅನ್ನೋ ಹುಡುಗ ತನ್ನ ಮನೆಗೆಲಸದ ರೋಬೋ ಸಾಮಿ ಯಾರಿಗೂ ಹೇಳದೆ ಎಲ್ಲಿಗೋ ಹೋಗಿ ಬರ್ತಾಳೆ ಅಂತ ಪತ್ತೆ ಮಾಡಿ ಅಲ್ಲಿಗೆ ಬರುತ್ತಾನೆ. ಅದೇ ಅಂಗಡಿಯಲ್ಲಿ ಕೋಜಿ, ರಿನಾ ಅನ್ನೋ ಪ್ರೇಮಿಗಳಿದ್ದಾರೆ. ಇಬ್ಬರೂ ರೋಬೋ. ಎದುರಿಗಿರೋದು ಮನುಷ್ಯ ಅಂತ ಇಬ್ಬರೂ ನಂಬಿದ್ದಾರೆ. ಹೆಣ್ಣು ನೋಡೋಕೆ ಬಂದಾಗ ನಮ್ಮ ಮನೆಗಳಲ್ಲಿ ಆಗೋದೂ ಇದೇ ಅಲ್ವಾ?

ನಾನು ಇದನ್ನು ನನ್ನ ತಮ್ಮನ ಮಗನ ಜೊತೆ ನೋಡಿದೆ. ಸಾಮಿ ಕಾಫಿ ತಂದಿಡೋದು, ಹುಡುಗ ತಲೆ ಎತ್ತದೆ ಕುಡಿಯೋದು ನೋಡಿ ಅವನು ಸುಮ್ಮನಾದ. ಅವನ ಕೈಯಲ್ಲೂ ಆಗಷ್ಟೇ ನಾನು ತಂದಿಟ್ಟ ಚಾ ಇತ್ತು. "ಅತ್ತೀ, ನೀ ಚಾ ಕುಡದೇನು?" ಅಂದ. ಹತ್ತೊಂಬತ್ತು ವರ್ಷಕ್ಕೆ ಮೊದಲ ಸಲ ಕೇಳಿದ್ದು. ನಾನು ಕುಡಿದಿದ್ದೆ. ಆದರೂ ಇಲ್ಲ ಅಂದೆ. ಎದ್ದು ಹೋಗಿ ಇಟ್ಟುಕೊಂಡು ಬಂದ. ಸಕ್ಕರೆ ಹಾಕೋದು ಮರೆತಿದ್ದ.

ಪ್ರಶ್ನೆ: ನಾವು ಎಂಟು ಮಂದಿ ಸೇರಿ ರೊಟ್ಟಿ ಕೇಂದ್ರ ನಡೆಸ್ತೀವಿ. ನಿಮ್ಮ ಆಂಡ್ರಾಯ್ಡ್ ನಮ್ಮ ಕಡೆ ಬಂದ್ರ ನಮ್ಮ ಕೆಲಸ ಹೋಗ್ತದೇನ್ರಿ?
*ಆಳಂದ ರಸ್ತೆ, ಕಲಬುರಗಿ*

ಉತ್ತರ: ಹಿಟ್ಟನ್ನು ದುಂಡಗೆ ಒತ್ತೋ ಮಷಿನ್ ನಿಮ್ಮಲ್ಲಿ ಆಗಲೇ ಇದೆ, ಎರಡು ಸಲ ನಾನೇ ರಿಪೇರಿ ಮಾಡಿದ್ದೀನಿ. ಪತ್ರ ಬಂದ ಮೇಲೆ ಖುದ್ದಾಗಿ ಬಂದು ನಿಮಗೇ ತಿರುಗಿ ಕೇಳಿದೆ: ಆಂಡ್ರಾಯ್ಡ್ ಬಂದರೆ ಅದಕ್ಕೆ ಯಾವ ಕೆಲಸ ಕೊಡ್ತೀರಿ? ನಿಮ್ಮಲ್ಲಿ ಹಿರಿಯಾಕೆ ಹಂಚಿನ ಮೇಲಿನ ರೊಟ್ಟಿಗೆ ಒದ್ದೆ ಅರಿವೆ ಆಡಿಸುತ್ತಾ, ನನ್ನ ಕಡೆ ನೋಡದೆ ಅಂದರು: "ಬೆಂಕಿ ಮುಂದ ಅದು ಕೂಡಲಿ. ರೊಕ್ಕ ನಾವು ಎಣಿಸ್ತೀವಿ." ಆಮೇಲೆ ಇನ್ನೊಬ್ಬಾಕೆ ಕೇಳಿದರು: "ಅದು ಗಂಡಸೋ ಹೆಂಗಸೋ?" ಹೇಗೆ ಬೇಕೋ ಹಾಗೆ ಮಾಡಿಸಬಹುದು ಅಂದೆ. "ಹಂಗಾದ್ರ ಗಂಡಸಿಂದು ಮಾಡ್ಸು" ಅಂದರು. ಎಂಟೂ ಮಂದಿ ನಕ್ಕಿದ್ದಕ್ಕೆ ಒಂದು ರೊಟ್ಟಿ ಹೊತ್ತಿತು.