ರೀಫರ್ಬಿಶ್ಡ್ ಹೈಡ್ರಾಲಿಕ್ ಬೆಂಡಿಂಗ್ ಮಷೀನ್ ತಗೋಬಹುದಾ? ತಗೊಳ್ಳಿ, ಆದ್ರೆ ನೋಡೋಕೆ ಹೋಗುವಾಗ ಶೀಟ್ ನಿಮ್ದೇ ಇರ್ಲಿ

ನೀವು ಕೇಳಿರೋದು ಇಷ್ಟು: ಶಿವಮೊಗ್ಗದಲ್ಲಿ ಹೊಸ ಶೆಡ್ಡು, ಎಲೆಕ್ಟ್ರಿಕಲ್ ಪ್ಯಾನಲ್ ಬಾಕ್ಸು ಮತ್ತೆ ಹೋಟೆಲ್ ಕಿಚನ್ನಿನ ಎಸ್ಎಸ್ (ಸ್ಟೇನ್‌ಲೆಸ್ ಸ್ಟೀಲ್) ಕೆಲಸ, ಪೀಣ್ಯದಲ್ಲಿ ಒಬ್ಬ ಡೀಲರ್ ಹತ್ರ 100 ಟನ್ 3 ಮೀಟರ್ ರೀಫರ್ಬಿಶ್ಡ್ (ಹಳೇದನ್ನ ರಿಪೇರಿ ಮಾಡಿ ಮಾರೋ) ಪ್ರೆಸ್ ಬ್ರೇಕ್, ಅಂದ್ರೆ ಶೀಟ್ ಬೆಂಡಿಂಗ್ ಮಷೀನ್ ಇದೆ, "ಹೊಸದರ ಥರಾನೇ ಇದೆ ಸಾರ್" ಅಂತಿದಾನೆ, ತಗೊಳ್ಳೋದಾ ಬಿಡೋದಾ. ನಂದು ಪೀಣ್ಯ ಸೆಕೆಂಡ್ ಸ್ಟೇಜಲ್ಲಿ ಸಣ್ಣ ಫ್ಯಾಬ್ರಿಕೇಷನ್ ಶಾಪು. ಇಲ್ಲಿವರೆಗೂ ಎರಡು ಹಳೇ ಮಷೀನ್ ತಗೊಂಡಿದೀನಿ, ಮೊದಲನೇದ್ರಲ್ಲಿ ಚೆನ್ನಾಗಿ ಪೆಟ್ಟು ತಿಂದೆ, ಎರಡನೇದು ಇವತ್ತಿಗೂ ದಿನಾ ಓಡ್ತಿದೆ.

ಮೊದಲನೇದರ ಕಥೆ ಹೇಳ್ತೀನಿ. ಹಸಿರು ಪೇಂಟು ಫಳಫಳ ಅಂತಿತ್ತು, ಡೀಲರ್ ನಮ್ ಮುಂದೇನೇ ಅಂಗೈ ಅಗಲದ ಒಂದು ತುಂಡು ತಗೊಂಡು ಮಧ್ಯದಲ್ಲಿಟ್ಟು ಬೆಂಡ್ ಹೊಡೆದ, ಕರೆಕ್ಟಾಗಿ 90 ಡಿಗ್ರಿ, ನಾವೂ ತಲೆ ಅಲ್ಲಾಡಿಸಿ ಅಡ್ವಾನ್ಸ್ ಕೊಟ್ ಬಂದ್ವಿ. ಶಾಪಿಗೆ ತಂದು ಎರಡೂವರೆ ಮೀಟರ್ ಎಸ್ಎಸ್ ಶೀಟ್ ಹಾಕಿದಾಗ ಗೊತ್ತಾಯ್ತು ನೋಡಿ, ಎರಡು ತುದೀಲಿ 90, ನಡುವೆ 92 ಚಿಲ್ಲರೆ. ಆಮೇಲೆ ಎರಡು ವರ್ಷ ಹಳೇ ಕ್ಯಾಲೆಂಡರ್ ಹಾಳೆ ಕತ್ತರಿಸಿ ಡೈ (ಶೀಟ್ ಕೂರೋ ಕೆಳಗಿನ ಅಚ್ಚು) ಕೆಳಗೆ ಪ್ಯಾಕಿಂಗ್ ಕೊಟ್ಕೊಂಡೇ ಕೆಲಸ ಮಾಡಿದ್ದು. ನಮ್ಮ ಆಪರೇಟರ್ ಯಾವ ಜಾಬಿಗೆ ಎಷ್ಟು ಹಾಳೆ ಅಂತ ಗೋಡೆ ಮೇಲೆ ಬರೆದಿಟ್ಟಿದ್ದ, ಜನವರಿಯಿಂದ ಏಪ್ರಿಲ್‌ವರೆಗೆ ಅಂದ್ರೆ 3 ಮಿಮೀ ಜಾಬ್ ಅಂತ ಅರ್ಥ!

ಅದಕ್ಕೇ ಹೇಳ್ತಿರೋದು, ಪೇಂಟ್ ನೋಡಿ ಮಷೀನ್ ತಗೋಬೇಡಿ, ನಿಮ್ಮದೇ ಶೀಟ್ ತಗೊಂಡ್ ಹೋಗಿ. ನೀವು ದಿನಾ ಮಾಡೋ ಜಾಬಲ್ಲಿ ಅತಿ ಉದ್ದ ಯಾವುದೋ ಅದು ಒಂದು, ಅತಿ ದಪ್ಪ ಯಾವುದೋ ಅದು ಒಂದು. ಉದ್ದ ಶೀಟ್ ಬೆಂಡ್ ಮಾಡ್ಸಿ ಎಡ, ನಡು, ಬಲ ಮೂರು ಕಡೆ ಬೆವೆಲ್ ಪ್ರೊಟ್ರಾಕ್ಟರ್ (ಕೋನ ಅಳೆಯೋ ಸಾಧನ) ಇಟ್ಟು ನೋಡಿ. ಎಡ ಬಲ ವ್ಯತ್ಯಾಸ ಬಂದ್ರೆ ಅಷ್ಟೇನೂ ಗಾಬರಿ ಬೇಡ, ಸಾಮಾನ್ಯವಾಗಿ ಸೆಟ್ಟಿಂಗಲ್ಲೇ ಸರಿಹೋಗುತ್ತೆ. ನಡುವೆ ಮಾತ್ರ ಕೋನ ಬಿಚ್ಕೊಂಡಿದ್ರೆ ಎರಡು ಕಾರಣ ಇರಬಹುದು. ಲೋಡ್ ಬಿದ್ದಾಗ ರ‍್ಯಾಮ್ (ಪಂಚ್ ಅನ್ನೋ ಮೇಲಿನ ಅಚ್ಚು ಹಿಡ್ಕೊಂಡು ಇಳಿಯೋ ಭಾಗ) ಮೇಲಕ್ಕೆ, ಬೆಡ್ (ಡೈ ಕೂರೋ ಕೆಳಗಿನ ಭಾಗ) ಕೆಳಕ್ಕೆ ಸ್ವಲ್ಪ ಬಾಗೋದು ಎಲ್ಲಾ ಮಷೀನಲ್ಲೂ ಇರೋದೇ, ಅದನ್ನ ಸರಿದೂಗಿಸೋಕೇ ಕ್ರೌನಿಂಗ್ ಅಂತ ಇರೋದು, ಅದು ಕೆಲಸ ಮಾಡ್ತಿಲ್ಲದೇ ಇರಬಹುದು. ಇಲ್ಲಾಂದ್ರೆ ಹಿಂದಿನ ಮಾಲೀಕ ವರ್ಷಾನುಗಟ್ಟಲೆ ಸಣ್ಣ ಸಣ್ಣ ದಪ್ಪ ತುಂಡುಗಳನ್ನ ನಡುವಲ್ಲೇ ಇಟ್ಟು ಒತ್ತಿ ಒತ್ತಿ ಬೆಡ್ಡನ್ನೇ ತಗ್ಗು ಮಾಡಿರ್ತಾನೆ. ಡೈ ತೆಗೆಸಿ ಬೆಡ್ ಮೇಲೆ ಸ್ಟ್ರೈಟ್ ಎಡ್ಜ್ ಇಟ್ಟು ಫೀಲರ್ ಗೇಜ್ (ಸಂದು ಅಳೆಯೋ ತೆಳು ಪಟ್ಟಿ) ಹಾಕಿದ್ರೆ ಯಾವುದು ಅಂತ ಗೊತ್ತಾಗೋಗುತ್ತೆ. ಬೆಡ್ ತಗ್ಗಿದ್ರೆ ವಾಪಸ್ ಬನ್ನಿ, ಅದನ್ನ ಮತ್ತೆ ಮಷೀನಿಂಗ್ ಮಾಡ್ಸೋ ಖರ್ಚು ನಿಮ್ಮಿಂದ ಆಗಲ್ಲ.

ಟನ್ನೇಜ್ ವಿಷಯ. ಮೈಲ್ಡ್ ಸ್ಟೀಲಿಗೆ ನಾವು ಹಾಕೋ ಲೆಕ್ಕ ಹೀಗೆ: 65 ಇಂಟು ದಪ್ಪ ಇಂಟು ದಪ್ಪ, ಭಾಗಿಸು ಡೈ ವಿ ಓಪನಿಂಗ್ (ಡೈನ ವಿ ಆಕಾರದ ಬಾಯಿಯ ಅಗಲ), ಎಲ್ಲಾ ಮಿಮೀ ಲೆಕ್ಕ, ಬರೋ ಉತ್ತರ ಒಂದು ಮೀಟರಿಗೆ ಎಷ್ಟು ಟನ್ ಅಂತ. ವಿ ಅಂದ್ರೆ ದಪ್ಪದ 8 ಪಟ್ಟು ಹಿಡ್ಕೊಳ್ಳಿ. 3 ಮಿಮೀ ಶೀಟಿಗೆ 24ರ ವಿ ಹಾಕಿದ್ರೆ ಮೀಟರಿಗೆ ಸುಮಾರು 24 ಟನ್, 3 ಮೀಟರಿಗೆ 73 ಟನ್ ಹತ್ರ, 100 ಟನ್ನಲ್ಲಿ ಆರಾಮಾಗಿ ಆಗುತ್ತೆ. ಆದ್ರೆ ನಿಮ್ದು ಕಿಚನ್ ಕೆಲಸಾನೂ ಇದೆ ಅಂದ್ರಿ, ಎಸ್ಎಸ್ 304ಕ್ಕೆ ಒಂದೂವರೆ ಪಟ್ಟು ಬೇಕು, ಅಂದ್ರೆ ಅದೇ 3 ಮಿಮೀ ಶೀಟು ಪೂರ್ತಿ 3 ಮೀಟರ್ ಬೆಂಡಿಗೆ 110 ಟನ್ ಮುಟ್ಟುತ್ತೆ. ವಿ ದೊಡ್ಡದು ಹಾಕಿ ಟನ್ ಇಳಿಸ್ಕೋಬಹುದು, ಆದ್ರೆ ಒಳಗಿನ ರೇಡಿಯಸ್ ದೊಡ್ಡದಾಗುತ್ತೆ, ಸಣ್ಣ ಫ್ಲ್ಯಾಂಜ್ (ಮಡಚೋ ಅಂಚು) ಡೈ ಒಳಗೆ ಜಾರಿ ಬೀಳುತ್ತೆ. ಪ್ಯಾನಲ್ ಬಾಕ್ಸ್ 1.6 ಮಿಮೀ ಸಿಆರ್ (ಕೋಲ್ಡ್ ರೋಲ್ಡ್) ಶೀಟೇ ಆದ್ರೆ ಈ ತಲೆನೋವೇ ಇಲ್ಲ, 12ರ ವಿ ಮೇಲೆ 3 ಮೀಟರಿಗೂ 42 ಟನ್ ಸಾಕು.

ಇನ್ನು ಹೈಡ್ರಾಲಿಕ್. ನೀವು ಹೋಗೋ ಮುಂಚೆ ಮಷೀನ್ ಆನ್ ಮಾಡಿ ಬಿಸಿ ಮಾಡಿಟ್ಟಿರಬಹುದು, "ಬೆಳಿಗ್ಗೆ ನಾನು ಬಂದ ಮೇಲೇ ಆನ್ ಮಾಡಿ" ಅಂತ ಹಿಂದಿನ ದಿನಾನೇ ಹೇಳಿ. ಹೋದ ತಕ್ಷಣ ಟ್ಯಾಂಕಿನ ಮೇಲೆ ಕೈ ಇಡಿ, ಬೆಚ್ಚಗಿದ್ರೆ ಏನೋ ಮುಚ್ಚಿಡ್ತಿರಬಹುದು. ತಣ್ಣಗಿದ್ದಾಗ ಪಂಪ್ ಜಲ್ಲಿ ಅರೆದ ಹಾಗೆ ಸದ್ದು ಮಾಡಿದ್ರೆ ಗಾಳಿ ಎಳೀತಿದೆ ಅಥವಾ ಸವೆದಿದೆ. ಆಯಿಲ್ ಸ್ವಲ್ಪ ಗಾಜಿನ ಬಾಟಲಿಗೆ ಹಾಕಿಸ್ಕೊಳ್ಳಿ, ಹಾಲಿನ ಹಾಗೆ ಬೆಳ್ಳಗಿದ್ರೆ ನೀರು ಸೇರಿದೆ, ಬಿಸಿಲಿಗೆ ಹಿಡಿದಾಗ ಮಿಣಮಿಣ ಅಂದ್ರೆ ಒಳಗೆ ಲೋಹ ಸವೀತಿದೆ. ಆಮೇಲೆ ರ‍್ಯಾಮನ್ನ ನಡುದಾರೀಲಿ ನಿಲ್ಸಿ, ಮೋಟರ್ ಆಫ್ ಮಾಡ್ಸಿ, ಡಯಲ್ ಗೇಜ್ ಇಟ್ಟು ಕಾಲು ಗಂಟೆ ಟೀ ಕುಡೀರಿ (ಅಷ್ಟೊತ್ತು ಯಾರೂ ರ‍್ಯಾಮ್ ಕೆಳಗೆ ಕೈ ಹಾಕದ ಹಾಗೆ ನೋಡ್ಕೊಳ್ಳಿ). ಕಣ್ಣಿಗೆ ಕಾಣೋ ಹಾಗೆ ಇಳಿದಿದ್ರೆ ಸೀಲೋ ವಾಲ್ವೋ ಲೀಕು. ಸೀಲ್ ಕಿಟ್ ಅಷ್ಟೇ ಆದ್ರೆ ಮಾಡ್ಸಬಹುದು, ಪಿಸ್ಟನ್ ರಾಡಿನ ಕ್ರೋಮ್ ಮೇಲೆ ಉದ್ದುದ್ದ ಗೀರು ಇದ್ರೆ ಹೊಸ ಸೀಲೂ ಕೆಲವೇ ತಿಂಗಳು.

ಕಂಟ್ರೋಲರ್ ಬಗ್ಗೆ ಯಾರೂ ಸರಿಯಾಗಿ ಕೇಳಲ್ಲ, ನನ್ ಪ್ರಕಾರ ಕಬ್ಬಿಣಕ್ಕಿಂತ ಅದೇ ಮುಖ್ಯ. ಕಬ್ಬಿಣ ನಿಮ್ ಮೊಮ್ಮಕ್ಕಳ ಕಾಲಕ್ಕೂ ಇರುತ್ತೆ, ಸ್ಕ್ರೀನು ಕಾರ್ಡು ಕೈ ಕೊಟ್ರೆ ಮಷೀನ್ ಶೆಡ್ಡಲ್ಲಿ ಮಂಚದ ಥರ ಬಿದ್ದಿರುತ್ತೆ. ಡೆಲೆಮ್, ಸೈಬೆಲೆಕ್ ಥರದ ಕಂಪನಿ ಕಂಟ್ರೋಲರ್ ಇದ್ರೆ ಇಲ್ಲಿ ಸರ್ವಿಸ್ ಹುಡುಗರು ಸಿಗ್ತಾರೆ. ಮಾಡೆಲ್ ನಂಬರ್ ಬರ್ಕೊಂಡು, ಸ್ಪೇರ್ ಇನ್ನೂ ಬರ್ತಿದೆಯಾ ಅಂತ ಡೀಲರ್‌ನ ಬಿಟ್ಟು ಬೇರೆಯವರನ್ನ ವಿಚಾರಿಸಿ. ಮಷೀನ್ ಪ್ಯಾರಾಮೀಟರ್ ಬ್ಯಾಕಪ್ ಪೆನ್‌ಡ್ರೈವಲ್ಲೋ ಕಾಗದದಲ್ಲೋ ಕೊಡ್ಲೇಬೇಕು ಅನ್ನಿ, ಒಳಗಿನ ಬ್ಯಾಟರಿ ಸತ್ತು ಮೆಮೊರಿ ಖಾಲಿ ಆದ್ರೆ ಅದಿಲ್ಲದೆ ಮಷೀನ್ ಎದ್ದೇಳಲ್ಲ. ಬ್ಯಾಕ್ ಗೇಜನ್ನ (ಶೀಟ್ ಎಷ್ಟು ಒಳಗೆ ಹೋಗ್ಬೇಕು ಅಂತ ತಡೆಯೋ ಹಿಂದಿನ ಅಡ್ಡಪಟ್ಟಿ) ಹತ್ತು ಸಲ ಹಿಂದೆ ಮುಂದೆ ಓಡ್ಸಿ ಒಂದೇ ಜಾಗಕ್ಕೆ ಬರ್ತಿದೆಯಾ ಅಂತ ಅಳೀರಿ.

ಸೈಡ್ ಫ್ರೇಮಿನ ಸಿ ಆಕಾರದ ಒಳಮೂಲೆ ಇರುತ್ತಲ್ಲ, ಬಿರುಕು ಬಿಡೋದು ಅಲ್ಲೇ. ಅಲ್ಲಿ ಮಾತ್ರ ಪುಟ್ಟಿ ದಪ್ಪ ಕಂಡ್ರೆ ಪೇಂಟ್ ಕೆರೆದು ಡೈ ಪೆನೆಟ್ರೆಂಟ್ ಟೆಸ್ಟ್ (ಬಣ್ಣದ ದ್ರವ ಹಚ್ಚಿ ಬಿರುಕು ಹುಡುಕೋದು) ಮಾಡ್ಸೋಣ ಅನ್ನಿ, ಒಪ್ಪದೇ ಇದ್ರೆ ಉತ್ತರ ಸಿಕ್ಕಂಗೆ.

ಪಂಚು ಡೈ ಜೊತೆಗೆ ಕೊಡ್ತಾರಾ, ಯಾವ ಸ್ಟೈಲಿನ ಕ್ಲ್ಯಾಂಪ್ ಅಂತ ಕೇಳಿ. ಬಾಕ್ಸ್ ಕೆಲಸಕ್ಕೆ ಗೂಸ್‌ನೆಕ್ (ಕತ್ತು ಬಾಗಿರೋ) ಪಂಚು, ಅದೂ ತುಂಡು ತುಂಡು ಇರೋ ಸೆಕ್ಷನಲ್ ಸೆಟ್ ಬೇಕೇ ಬೇಕು, ಬೇರೆ ತಗೊಂಡ್ರೆ ಸಣ್ಣ ಮೊತ್ತ ಅಲ್ಲ.

ಸೇಫ್ಟಿ ಹೇಳದೇ ಬಿಟ್ರೆ ತಪ್ಪಾಗುತ್ತೆ, ನಮ್ ಲೈನಲ್ಲಿ ಬೆರಳು ಕಳ್ಕೊಂಡವರನ್ನ ನೋಡಿದೀನಿ. ಕಮ್ಮಿ ರೇಟು ಅಂತ ಹಳೇ ಫ್ಲೈವೀಲಿನ ಮೆಕ್ಯಾನಿಕಲ್ ಬೆಂಡಿಂಗ್ ಮಷೀನ್ ತೋರಿಸಿದ್ರೆ ಆ ಕಡೆ ತಲೆ ಹಾಕ್ಬೇಡಿ, ಹಳೇ ಕ್ಲಚ್ಚಿನದಾದ್ರೆ ಒಮ್ಮೆ ಹೊರಟ್ರೆ ಸ್ಟ್ರೋಕ್ ಮುಗಿಯೋವರೆಗೂ ನಿಲ್ಲಲ್ಲ. ಹೈಡ್ರಾಲಿಕ್ಕಲ್ಲಿ ನಡುವೆ ನಿಲ್ಸಬಹುದು, ಆದ್ರೂ ಪೆಡಲಿಗೆ ಕವರ್, ಎಮರ್ಜೆನ್ಸಿ ಸ್ಟಾಪ್, ಸಾಧ್ಯ ಆದ್ರೆ ಪಂಚಿನ ಜೊತೆಗೇ ಇಳಿಯೋ ಲೇಸರ್ ಗಾರ್ಡ್ ಇರ್ಲಿ. ಮುಂದೆ ನಿಲ್ಲಿಸೋ ಲೈಟ್ ಕರ್ಟನ್ (ಕೈ ಅಡ್ಡ ಬಂದ್ರೆ ಮಷೀನ್ ನಿಲ್ಲಿಸೋ ಬೆಳಕಿನ ಪರದೆ) ಬಾಕ್ಸ್ ಬೆಂಡಿಗೆ ಅಡ್ಡ ಬರುತ್ತೆ ಅಂತ ಹುಡುಗರು ಎರಡನೇ ದಿನಾನೇ ಬೈಪಾಸ್ ಮಾಡಿಬಿಡ್ತಾರೆ.

ದುಡ್ಡು ಪೂರ್ತಿ ಕೊಡ್ಬೇಡಿ, ಕಾಲು ಭಾಗನಾದ್ರೂ ನಿಮ್ ಶೆಡ್ಡಲ್ಲಿ ಅದೇ ಟೆಸ್ಟ್ ಪಾಸಾದ ಮೇಲೆ ಅಂತ ಪಿಒದಲ್ಲೇ (ಪರ್ಚೇಸ್ ಆರ್ಡರ್) ಬರೆಸಿ. ಜಿಎಸ್‌ಟಿ ಬಿಲ್ ಇಲ್ಲದೆ ಬೇಡ. ಹೊರದೇಶದಿಂದ ಬಂದಿದ್ರೆ ಬಿಲ್ ಆಫ್ ಎಂಟ್ರಿ (ಕಸ್ಟಮ್ಸ್ ಕಾಗದ), ಚಾರ್ಟರ್ಡ್ ಎಂಜಿನಿಯರ್ ಸರ್ಟಿಫಿಕೇಟ್ ಕಾಪಿ ಕೇಳಿ, ಮಷೀನಿನ ನಿಜವಾದ ವಯಸ್ಸು ಅಲ್ಲಿ ಗೊತ್ತಾಗುತ್ತೆ.

ಸಾಗಾಟ: ಈ ಸೈಜ್ ಮಷೀನ್ ಏಳೆಂಟು ಟನ್ ತೂಗುತ್ತೆ, ಭಾರ ಎಲ್ಲಾ ಮೇಲೆ ಮತ್ತೆ ಮುಂದೆ, ಹೈಡ್ರಾ ಕ್ರೇನಿನವನು ಹೊಸಬ ಆದ್ರೆ ಮುಗ್ಗರಿಸಿಬಿಡುತ್ತೆ. ರ‍್ಯಾಮ್ ಕೆಳಗಿಳಿಸಿ ಮರದ ದಿಮ್ಮಿ ಮೇಲೆ ಕೂರಿಸಿಯೇ ಲೋಡ್ ಮಾಡ್ಸಿ. ಮೆಸ್ಕಾಂ ಲೋಡ್ ಸಾಕಾಗುತ್ತಾ ಅಂತ ಈಗಲೇ ನೋಡಿ, ಮೋಟರ್ 10 ಎಚ್‌ಪಿ ಆಸುಪಾಸು ಇರುತ್ತೆ. ಕನೆಕ್ಷನ್ ಕೊಟ್ಟ ಮೇಲೆ ಮೋಟರನ್ನ ಒಂದೇ ಒಂದು ಸಲ ಮುಟ್ಟಿಸಿ ಬಿಟ್ಟು, ಬಾಣದ ಗುರುತಿನ ದಿಕ್ಕಿಗೇ ತಿರುಗ್ತಾ ನೋಡಿ, ಫೇಸ್ ಅದಲು ಬದಲಾಗಿ ಪಂಪ್ ಉಲ್ಟಾ ಓಡಿದ್ರೆ ಹೋಯ್ತು ಪಂಪು. ಹಾ, ಕ್ರೇನ್ ಬಾಡಿಗೆ ಎರಡೂ ಕಡೆಯದು ಯಾರು ಕೊಡೋದು ಅಂತ ಮೊದಲೇ ಮಾತಾಡ್ಕೊಳ್ಳಿ, ನಾನು ಕೇಳದೇ ಇದ್ದಿದ್ದಕ್ಕೆ ಅದೂ ನನ್ನ ತಲೆಗೇ ಬಂತು.