ವಿದ್ಯಾರ್ಥಿ ವೀಸಾ ತಿರಸ್ಕಾರವಾದರೆ ಮೇಲ್ಮನವಿ ಸಲ್ಲಿಸಬಹುದೇ?

ಅದು ಯಾವ ದೇಶ ಎನ್ನುವುದರ ಮೇಲೆ ನಿಂತಿದೆ. ಅಮೆರಿಕದ ವಿದ್ಯಾರ್ಥಿ ವೀಸಾ ಎಫ್-1, 214(ಬಿ) ಕಲಮಿನಡಿ (ಓದು ಮುಗಿಸಿ ಊರಿಗೆ ಮರಳುತ್ತೀರಿ ಎಂಬಂಥ ಅರ್ಹತೆ ಅಧಿಕಾರಿಗೆ ಮನವರಿಕೆಯಾಗದಾಗ ಬಳಸುವ ಕಲಮು) ತಿರಸ್ಕಾರವಾದರೆ ಮೇಲ್ಮನವಿಯೇ ಇಲ್ಲ. ಹೊಸ ಅರ್ಜಿ, ಹೊಸ ಶುಲ್ಕ, ಮತ್ತೆ ಸಂದರ್ಶನ.

ಬ್ರಿಟನ್ನಿನಲ್ಲಿ ಆಡಳಿತಾತ್ಮಕ ಮರುಪರಿಶೀಲನೆ ಕೇಳಬಹುದು. ಹೊರದೇಶದಿಂದ ಅರ್ಜಿ ಹಾಕಿದವರಿಗೆ 28 ದಿನ ಗಡುವು. ಆದರೆ ಅಲ್ಲಿ ನೋಡುವುದು ಅಧಿಕಾರಿ ತಪ್ಪು ಮಾಡಿದರೇ ಎಂದಷ್ಟೇ. ನೀವು ಮರೆತ ಬ್ಯಾಂಕ್ ಸ್ಟೇಟ್‌ಮೆಂಟನ್ನು ಈಗ ಸೇರಿಸುತ್ತೇನೆಂದರೆ ಸಾಮಾನ್ಯವಾಗಿ ನಡೆಯದು.

ಕೆನಡಾದ ಹೊರಗಿನಿಂದ ಅರ್ಜಿ ಹಾಕಿದವರು ತಿರಸ್ಕಾರದ ನ್ಯಾಯಾಂಗ ಪರಿಶೀಲನೆಗಾಗಿ 60 ದಿನದೊಳಗೆ ಅಲ್ಲಿನ ಫೆಡರಲ್ ಕೋರ್ಟಿನ ಅನುಮತಿ ಕೇಳಬಹುದು. ಗೆದ್ದರೂ ವೀಸಾ ಕೈಗೆ ಬರುವುದಿಲ್ಲ, ಫೈಲು ಬೇರೆ ಅಧಿಕಾರಿಯ ಮೇಜಿಗೆ ಹೋಗುತ್ತದೆ, ಅಷ್ಟೆ.

ನನ್ನನ್ನು ಕೇಳಿದರೆ, ದಾಖಲೆಯ ಕೊರತೆ ನಿಮ್ಮದೇ ಆಗಿದ್ದಲ್ಲಿ ಜಗಳಕ್ಕಿಂತ ಹೊಸ ಅರ್ಜಿಯೇ ಲೇಸು. ಅದರಲ್ಲಿ ಹಿಂದಿನ ತಿರಸ್ಕಾರವನ್ನು ಮಾತ್ರ ಮುಚ್ಚಿಡಬೇಡಿ.