ಕೌಬಾಯ್ ಹಾಡು ಬರೆಯುವವರು ನಿಜಕ್ಕೂ ದನ, ಕುದುರೆ ಜೊತೆ ಬದುಕಿದವರೇ, ಇಲ್ಲ ಬರೀ ಟೋಪಿ ಹಾಕಿಕೊಂಡ ಗಾಯಕರೇ?

ಎರಡು ಥರದವರೂ ಇದ್ದಾರೆ. ನಿಮ್ಮ ಪ್ರಶ್ನೆ ಓದಿದ ಕೂಡಲೇ ನನಗೆ ನೆನಪಾದದ್ದು ಕೆನಡಾದ ಇಯಾನ್ ಟೈಸನ್. ವರ್ಷಗಟ್ಟಲೆ ಅವರ ಹಾಡು ಕೇಳಿದವನು ನಾನು, ಹಾಗಾಗಿ ಅವರೊಬ್ಬರ ಬಗ್ಗೆಯೇ ಹೇಳುತ್ತೇನೆ.

ಹುಟ್ಟಿದ್ದು 1933ರಲ್ಲಿ, ವಿಕ್ಟೋರಿಯಾದಲ್ಲಿ. ಹರೆಯದಲ್ಲಿ ರೋಡಿಯೋ ಹುಚ್ಚು. ಪಳಗದ ಕುದುರೆಯ ಬೆನ್ನ ಮೇಲೆ ಬೀಳದೆ ಕೂರುವಂಥ ಪಂದ್ಯಗಳು. ಒಂದು ಸಲ ಬಿದ್ದು ಪಾದದ ಗಿಣ್ಣು ಮುರಿಯಿತು. ಕ್ಯಾಲ್ಗರಿಯ ಆಸ್ಪತ್ರೆಯಲ್ಲಿ ಮಲಗಿದ್ದಾಗ ಗಿಟಾರ್ ಹಿಡಿದರು. ಆಮೇಲೆ ಟೊರೊಂಟೊ, ಸಿಲ್ವಿಯಾ ಎಂಬ ಗಾಯಕಿಯ ಜೊತೆ ಜೋಡಿ ಗಾಯನ, ನ್ಯೂಯಾರ್ಕ್, ಆಕೆಯೊಂದಿಗೇ ಮದುವೆ, ಮುಂದೆ ವಿಚ್ಛೇದನ.

ನ್ಯೂಯಾರ್ಕಿನಲ್ಲಿದ್ದಾಗ ಬರೆದದ್ದು ‘ಫೋರ್ ಸ್ಟ್ರಾಂಗ್ ವಿಂಡ್ಸ್’. ಕೆಲಸ ಹುಡುಕಿಕೊಂಡು ಕೆನಡಾದ ಪಶ್ಚಿಮದ ಆಲ್ಬರ್ಟಾ ಪ್ರಾಂತ್ಯಕ್ಕೆ ಹೊರಟವನೊಬ್ಬ ತನ್ನ ಹುಡುಗಿಗೆ ಹೇಳುವ ಮಾತು ಅದು. ಹಿಮ ಬೀಳುವ ಮೊದಲು ಅಲ್ಲಿ ತಲುಪಿ ಎಲ್ಲ ಸರಿಹೋದರೆ ದಾರಿಖರ್ಚು ಕಳಿಸುತ್ತೇನೆ, ಬಾ ಅನ್ನುತ್ತಾನೆ. ಅದೇ ಉಸಿರಿನಲ್ಲಿ, ಅಷ್ಟರಲ್ಲಿ ಚಳಿಗಾಲ ಬಂದಿರುತ್ತದೆ, ನಿನಗಲ್ಲಿ ಮಾಡಲು ಏನೂ ಇರುವುದಿಲ್ಲ ಅಂತಾನೆ. ಕರೆಯುತ್ತಲೇ ಬೇಡ ಅನ್ನುವ ಆ ಎರಡು ಸಾಲು ಬಂದಾಗ ಇವತ್ತಿಗೂ ನನ್ನ ಗಂಟಲು ಕಟ್ಟುತ್ತದೆ. 2005ರಲ್ಲಿ ಕೆನಡಾದ ಸಾರ್ವಜನಿಕ ಬಾನುಲಿ ಸಿಬಿಸಿ ರೇಡಿಯೋದ ಕೇಳುಗರು ಕೆನಡಾದ ಹಾಡುಗಳಲ್ಲಿ ಇದಕ್ಕೇ ಮೊದಲ ಸ್ಥಾನ ಕೊಟ್ಟರು.

ನಿಮ್ಮ ಪ್ರಶ್ನೆಗೆ ನಿಜವಾದ ಉತ್ತರ ಇರುವುದು ಮುಂದಿನ ಬದುಕಿನಲ್ಲಿ. 1978ರಲ್ಲಿ ಕೆನಡಾದವರೇ ಆದ ಹೆಸರಾಂತ ಗಾಯಕ ನೀಲ್ ಯಂಗ್ ಇದೇ ಹಾಡನ್ನು ಹಾಡಿದರು. ಅದರಿಂದ ಟೈಸನ್‌ಗೆ ಬಂದ ರಾಯಲ್ಟಿ ಹಣ ರಾಂಚ್, ಅಂದರೆ ದನ ಕುದುರೆ ಸಾಕುವ ದೊಡ್ಡ ಜಮೀನು, ಕೊಳ್ಳಲು ಒದಗಿತು. ರಾಕಿ ಬೆಟ್ಟಗಳ ತಪ್ಪಲಲ್ಲಿ, ಲಾಂಗ್‌ವ್ಯೂ ಊರಿನ ಹತ್ತಿರ. ಮಂದೆಯಿಂದ ಒಂದೇ ದನವನ್ನು ಬೇರ್ಪಡಿಸಿ ತಡೆಯುವ ಕಟಿಂಗ್ ಕುದುರೆಗಳನ್ನು ಅಲ್ಲಿ ಪಳಗಿಸುತ್ತಿದ್ದರು. 80ರ ದಶಕದ ‘ಕೌಬಾಯೋಗ್ರಫಿ’ ಆಲ್ಬಮ್ ಆ ಬದುಕಿನಿಂದಲೇ ಬಂದದ್ದು.

70 ದಾಟಿದ ಮೇಲೆ ಒಂದು ಹೊರಾಂಗಣ ಕಾರ್ಯಕ್ರಮದಲ್ಲಿ ಧ್ವನಿವ್ಯವಸ್ಥೆ ಕೈಕೊಟ್ಟಿತು. ಅದನ್ನು ಮೀರಿಸಲು ಕಿರುಚಿ ಹಾಡಿ ಗಂಟಲಿಗೆ ಪೆಟ್ಟಾಯಿತು, ಮೇಲೆ ವೈರಸ್ ಸೋಂಕು. ತುಂಬುದನಿ ಹೋಯಿತು. ಉಳಿದ ಒಡಕು ದನಿಯಲ್ಲೇ 2008ರಲ್ಲಿ ‘ಯೆಲ್ಲೋಹೆಡ್ ಟು ಯೆಲ್ಲೋಸ್ಟೋನ್’ ಆಲ್ಬಮ್ ತಂದರು. ಅದರ ಶೀರ್ಷಿಕೆಗೀತೆಯಲ್ಲಿ ಮಾತಾಡುವುದು ಒಂದು ತೋಳ. 1995ರಲ್ಲಿ ಆಲ್ಬರ್ಟಾದ ತೋಳಗಳನ್ನು ಹಿಡಿದು ಅಮೆರಿಕದ ಯೆಲ್ಲೋಸ್ಟೋನ್ ರಾಷ್ಟ್ರೀಯ ಉದ್ಯಾನಕ್ಕೆ ಸಾಗಿಸಿದ್ದರಲ್ಲ, ಅಂಥದೊಂದು. ಆ ಕತೆಗೆ ಹಳೆಯ ನುಣುಪು ದನಿ ಒಗ್ಗುತ್ತಲೇ ಇರಲಿಲ್ಲ ಅನ್ನಿಸುತ್ತದೆ ನನಗೆ.

2022ರ ಡಿಸೆಂಬರ್ 29ರಂದು, 89ನೇ ವಯಸ್ಸಿನಲ್ಲಿ, ಅದೇ ರಾಂಚ್‌ನಲ್ಲಿ ತೀರಿಕೊಂಡರು. ಕೇಳಲು ಶುರು ಮಾಡುವುದಾದರೆ ಮೊದಲು ಸಿಲ್ವಿಯಾ ಜೊತೆ ಹಾಡಿದ ‘ಫೋರ್ ಸ್ಟ್ರಾಂಗ್ ವಿಂಡ್ಸ್’ ಕೇಳಿ, ಅದರ ಬೆನ್ನಿಗೇ ತೋಳದ ಹಾಡು ಹಾಕಿ.